ದಾಕ್ಷಿಣ್ಯದ ಊರು

ಡನ್‌ಮಾರೋ
ಅಕ್ಟೋಬರ್ ೧೮, ೨೦೧೯, ಶುಕ್ರವಾರ

ಪ್ರೀತಿಯ ದಾರ್ಕಾ,

ಹೇಗಿದ್ದೀಯ ಪುಟ್ಟಿ? ಆಸ್ಪತ್ರೆಯ ಕ್ಯಾಂಟೀನಿನ ತಣ್ಣನೆಯ ಸ್ಯಾಂಡ್‌ವಿಚ್ಚಿನಲ್ಲೇ ಎರಡೂ ಹೊತ್ತು ದೂಡುತ್ತಿದ್ದೀಯೆಂದು ನಿನ್ನ ಅಮ್ಮ ಲೆಸ್ಯಾ ಫೋನಿನಲ್ಲಿ ದೂರು ಹೇಳಿದಳು. ಡಾಕ್ಟರಿಕೆಯ ತರಬೇತಿ ಮುಗಿಯುವಷ್ಟರಲ್ಲಿ ನೀನೇ ಹಾಸಿಗೆ ಹಿಡಿಯಬೇಡ. ಅವಳ ಕಣ್ಣಿನ ಪಟ್ಟಿ ಬಿಚ್ಚಿದರಾ? ಪೊರೆ ತೆಗೆದ ಮೇಲೂ ಅಕ್ಷರಗಳು ಕಲಸಿಕೊಂಡಂತೆ ಕಾಣುತ್ತವೆ, ಬಂದ ಕಾಗದಗಳನ್ನೆಲ್ಲ ದಾರ್ಕಾಳೇ ಓದಿ ಹೇಳುತ್ತಾಳೆ ಅಂದಳು. ಹಾಗಾದರೆ ಇದನ್ನೂ ಓದಿ ಹೇಳು. ನಡುನಡುವೆ ಅವಳು, ನಿನ್ನ ಅತ್ತೆಗೆ ಸಿಟ್ಟು ಬಿಟ್ಟರೆ ಬೇರೇನು ಬರುತ್ತೆ, ಅನ್ನುತ್ತಾಳೆ. ಅನ್ನಲಿ, ನೀನು ನಿಲ್ಲಿಸದೆ ಓದು. ನನ್ನ ಮಂಡಿ ಹಾಗೇ ಇದೆ. ನೆಲಮಾಳಿಗೆಗೆ ಇಳಿಯುವುದನ್ನು ಬಿಟ್ಟು ಆಲೂಗಡ್ಡೆ ಮೂಟೆಯನ್ನು ಅಡುಗೆಮನೆಯ ಮೂಲೆಗೇ ಹಾಕಿಸಿಕೊಂಡಿದ್ದೇನೆ. ಮೊದಲ ಹಿಮ ಬಿದ್ದು ಕರಗಿ, ರಸ್ತೆಯೆಲ್ಲ ಕೆಸರು. ಹೊಲಗಳಲ್ಲಿ ಇನ್ನೂ ಅರ್ಧ ಪೈರು ನೆನೆದು ಮಲಗಿದೆ. ಜನರ ಮುಖವೂ ಹಾಗೇ ಇದೆ.

ಗಾರ್ತ್ ಲಿಂಡ್‌ಕ್ವಿಸ್ಟ್ ನಿನಗೆ ಫೋನು ಮಾಡಿದ್ದು ನನಗೆ ಗೊತ್ತು. ಹೈಸ್ಕೂಲಿನಲ್ಲಿ ನನ್ನ ಇತಿಹಾಸದ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ಸೂರ್ಯಕಾಂತಿ ಬೀಜ ಒಡೆಯುತ್ತಿದ್ದ ಹುಡುಗ ಈಗ ಈ ಊರಿನ ಮೇಯರು. ಟ್ರ್ಯಾಕ್ಟರ್ ಮಾರುವ ಅಂಗಡಿಯವನು, ಅದೇ ನಗೆಯಲ್ಲಿ ಊರನ್ನೂ ಮಾರುತ್ತಾನೆ. ಮೊನ್ನೆ ಅಂಚೆ ಕಚೇರಿಯಲ್ಲಿ ಸಿಕ್ಕಿ, ಟೋಪಿ ತೆಗೆದು, ಊರಿಗೆ ಡಾಕ್ಟರಾಗಿ ಬರಲು ದಾರ್ಕಾ ಅರ್ಧಕ್ಕರ್ಧ ಒಪ್ಪಿದ್ದಾಳೆ ಟೀಚರ್, ನೀವೊಂದು ಒಳ್ಳೇ ಕಾಗದ ಬರೆದುಬಿಟ್ಟರೆ ಪೂರ್ತಿ ಒಪ್ಪುತ್ತಾಳೆ ಎಂದ. ಒಳ್ಳೆಯ ಕಾಗದ ಅಂದರೆ ಏನಪ್ಪಾ ಎಂದೆ. ಅವನು ದನಿ ತಗ್ಗಿಸಿ, “ಅಪ್ಪನ ಥರ ಇನ್ನೊಬ್ಬರು ದಾರೀಲಿ ಹೋಗಬಾರದು ಅನ್ನೋದು ಅವಳ ಮನಸ್ಸಲ್ಲಿದೆ ಟೀಚರ್. ನಮಗೆ ಅದೊಂದು ಸಾಕು” ಅಂದ. ನಮಗೆ ಅದೊಂದು ಸಾಕು. ನನ್ನ ತಮ್ಮ, ನಿನ್ನ ಅಪ್ಪ ಒರೆಸ್ಟ್ ಎರಡು ವರ್ಷದ ಹಿಂದೆ ಹೆದ್ದಾರಿಯಲ್ಲಿ, ಆಂಬುಲೆನ್ಸಿನೊಳಗೆ ಪ್ರಾಣ ಬಿಟ್ಟಿದ್ದು ಈ ಊರಿಗೊಬ್ಬ ಡಾಕ್ಟರನ್ನು ಹಿಡಿಯಲು ಒದಗುವ ಗಾಳ ಎಂದು ಅವನಿಗೆ ಅನ್ನಿಸಿದೆ. ಅದನ್ನು ಹೇಳಲು ಅವನಿಗೆ ನಾಚಿಕೆಯೂ ಆಗಲಿಲ್ಲ, ಪಾಪ, ಕೆಟ್ಟ ಮನಸ್ಸೂ ಇರಲಿಲ್ಲ. ಈ ಊರಿನ ಕಷ್ಟವೇ ಅದು. ಯಾರ ಮನಸ್ಸೂ ಕೆಟ್ಟದ್ದಲ್ಲ.

ಅವನು ನಿನಗೆ ಕಳಿಸಿರುವ ಬಣ್ಣದ ಪುಸ್ತಿಕೆ ತಲುಪಿರಬೇಕು. ಅದರ ಹೊದಿಕೆಯ ಮೇಲಿನ ಗೋಧಿ ಹೊಲವನ್ನು ಸ್ವಲ್ಪ ಹತ್ತಿರ ಹಿಡಿದು ನೋಡು. ಹಿಂದೆ ಗುಡ್ಡ ಕಾಣುತ್ತದೆ. ಡನ್‌ಮಾರೋದಲ್ಲಿ ಗುಡ್ಡ! ನಮ್ಮ ನಾಯಿ ಓಡಿಹೋದರೆ ಮೂರು ದಿನ ಕಣ್ಣಿಗೆ ಕಾಣುತ್ತಲೇ ಇರುತ್ತದೆ ಎಂದು ನಿನ್ನ ಅಜ್ಜ ತಮಾಷೆ ಮಾಡುತ್ತಿದ್ದ ಬಯಲಿನಲ್ಲಿ. ದೊಡ್ಡ ಪಟ್ಟಣದ ಯಾವುದೋ ಕಂಪನಿ ಎಲ್ಲಿಂದಲೋ ಚಿತ್ರ ತಂದು ಅಂಟಿಸಿದೆ. ಒಳಗೆ ‘ಸರ್ವಸಜ್ಜಿತ ಆಸ್ಪತ್ರೆ’ ಎಂಬ ತಲೆಬರಹದ ಕೆಳಗಿರುವ ಫೋಟೋವನ್ನು ಒಂದು ಬದಿಯಿಂದ ತೆಗೆದಿದ್ದಾರೆ. ಎದುರಿನಿಂದ ತೆಗೆದಿದ್ದರೆ ರಾತ್ರಿ ಬಾಗಿಲು ಹಾಕಿರುತ್ತದೆ, ಮುಂದಿನ ಪಟ್ಟಣಕ್ಕೆ ಹೋಗಿ ಎನ್ನುವ ಫಲಕವೂ ಬೀಳುತ್ತಿತ್ತು. ಕೊನೆಯ ಪುಟದಲ್ಲಿ ‘ಬೆಚ್ಚನೆಯ ಜನ’ ಎಂದಿದೆ. ಅದೊಂದು ನಿಜ, ಮತ್ತು ಅದರ ಬಗ್ಗೆಯೇ ನಾನು ಬರೆಯಬೇಕಾಗಿರುವುದು.

ಊರಿನ ಪರಿಚಯ ಬರೆದುಕೊಡಿ ಎಂದು ಅವನು ಮೊದಲು ಕೇಳಿದ್ದು ನನ್ನನ್ನೇ, ಈ ವಸಂತದಲ್ಲಿ. ಬರೆದುಕೊಟ್ಟೆ. ಮರುದಿನವೇ ಹಿಡಿದುಕೊಂಡು ಬಂದ. “ಟೀಚರ್, ಇದು ಪರಿಚಯ ಅಲ್ಲ, ಪೋಸ್ಟ್‌ಮಾರ್ಟಮ್ಮು” ಅಂದ. ಅವನು ನನ್ನ ತರಗತಿಯಲ್ಲಿ ಒಮ್ಮೆಯಾದರೂ ಅಷ್ಟು ಒಳ್ಳೆಯ ವಾಕ್ಯ ಹೇಳಿದ್ದರೆ ಪಾಸು ಮಾಡಿಸಲು ನಾನು ಅಷ್ಟು ಒದ್ದಾಡಬೇಕಿರಲಿಲ್ಲ. ಅವನು ಬೇಡವೆಂದದ್ದನ್ನು ನಿನಗೆ ಬರೆಯುತ್ತೇನೆ. ನೀನು ಇಲ್ಲಿ ಹುಟ್ಟಿ ಬೆಳೆದವಳು, ನಿಜ. ಆದರೆ ಹದಿನೆಂಟಕ್ಕೆ ಬಿಟ್ಟುಹೋದವರಿಗೆ ಊರೆಂದರೆ ಸ್ಕೇಟಿಂಗ್ ಆಡುವ ಐಸ್ ಅಂಗಳ, ಸುಗ್ಗಿ ಊಟ ಮತ್ತು ಬೇಸರ. ಊರಿನ ಒಳಗೆ ಏನು ಕೊಳೆಯುತ್ತಿದೆ ಎಂದು ತಿಳಿಯಬೇಕಾದರೆ ಇಲ್ಲೇ ಮುದಿಯಾಗಬೇಕು.

ನಿನ್ನ ಮುತ್ತಜ್ಜನಿಂದ ಶುರುಮಾಡುತ್ತೇನೆ. ಮೊದಲ ಮಹಾಯುದ್ಧದಲ್ಲಿ, ಉಕ್ರೇನಿನಿಂದ ಈ ದೇಶಕ್ಕೆ ವಲಸೆ ಬಂದ ನಮ್ಮವರೆಲ್ಲ ಶತ್ರು ರಾಜನ ಪ್ರಜೆಗಳು ಎಂದು ಸರಕಾರ ತೀರ್ಮಾನಿಸಿತು. ಮುತ್ತಜ್ಜ ತಿಂಗಳಿಗೊಮ್ಮೆ ರೈಲು ಹಳಿ ದಾಟಿ ಬಂದು ಪೊಲೀಸ್ ಠಾಣೆಯಲ್ಲಿ ತಾನು ಎಲ್ಲೂ ಓಡಿಹೋಗಿಲ್ಲವೆಂದು ತೋರಿಸಿಕೊಳ್ಳಬೇಕಿತ್ತು. ತನ್ನ ಹೊಲದ ಕಲ್ಲನ್ನು ತಾನೇ ಆರಿಸಿದವನು, ಊರಿನ ಅರ್ಧ ಬಾವಿಗಳನ್ನು ತೋಡಿದವನು. ಠಾಣೆಯ ಮೆಟ್ಟಿಲ ಬಳಿ ನಿಂತು ಬೂಟಿನ ಕೆಸರನ್ನು ಹುಲ್ಲಿನಿಂದ ಒರೆಸಿಕೊಂಡು ಒಳಗೆ ಹೋಗುತ್ತಿದ್ದನಂತೆ. ಅಜ್ಜಿ ಇದನ್ನು ಹೇಳುವಾಗ ಅವಳ ದನಿಯಲ್ಲಿ ಹೆಮ್ಮೆ ಇರುತ್ತಿತ್ತು. ಪೇದೆಯ ನೆಲ ಕೊಳೆಯಾಗಬಾರದಲ್ಲ, ಪಾಪ ಅವನೇ ಗುಡಿಸಬೇಕಿತ್ತು ಅನ್ನುತ್ತಿದ್ದಳು. ಚಿಕ್ಕವಳಿದ್ದಾಗ ನನಗೂ ಹೆಮ್ಮೆಯೆನಿಸುತ್ತಿತ್ತು. ಈಗ ಅದನ್ನು ನೆನೆದರೆ ಸಿಟ್ಟು ಬರುತ್ತದೆ.

ಆಮೇಲಿನ ಇತಿಹಾಸವೆಲ್ಲ ಆ ಬೂಟು ಒರೆಸಿದ್ದರದೇ ಮುಂದುವರಿಕೆ. ರೈಲು ನಿಲ್ಲುವುದು ನಿಂತಾಗ ನಾವು ಸ್ಟೇಷನ್ ಮಾಸ್ತರರಿಗೆ ಬೀಳ್ಕೊಡುಗೆ ಊಟ ಹಾಕಿದೆವು. ಹೆದ್ದಾರಿಯಲ್ಲಿ ಬರುವಾಗ ಅರ್ಧ ಗಂಟೆ ಮೊದಲೇ ಕಾಣುತ್ತಿದ್ದ, ಧಾನ್ಯ ತುಂಬಿಡುವ ಗೋಪುರಗಳನ್ನು ಒಂದೊಂದಾಗಿ ಕೆಡವಿದಾಗ ಮಡಚುವ ಕುರ್ಚಿ ಹಾಕಿಕೊಂಡು ನೋಡಿದೆವು. ಮಕ್ಕಳಿಗೆ ಐಸ್‌ಕ್ರೀಮು ಹಂಚಿದರು. ವಾರಪತ್ರಿಕೆ ನಿಂತಾಗ ಸಂಪಾದಕರಿಗೆ ಗಡಿಯಾರ ಕೊಟ್ಟೆವು. ಬಸ್ಸು ನಿಂತಾಗ ಚಾಲಕನಿಗೆ ಕೇಕು. ಈ ಊರು ಪ್ರತಿಭಟನೆ ಮಾಡಿದ್ದನ್ನು ನಾನು ಒಮ್ಮೆಯೂ ನೋಡಿಲ್ಲ ದಾರ್ಕಾ. ತನ್ನಿಂದ ಕಿತ್ತುಕೊಂಡವರಿಗೆ ತಟ್ಟೆಗೆ ಇನ್ನಷ್ಟು ಬಡಿಸಿದ್ದನ್ನು ನೋಡಿದ್ದೇನೆ. ಪೆಟ್ರೋಲ್ ಬಂಕಿನ ಹೋಟೆಲಿನಲ್ಲಿ ಬೆಳಿಗ್ಗೆ ಕೂರುವ ಗಂಡಸರ ಕಾಫಿ ಸಾಲು ನಿನಗೆ ನೆನಪಿದೆಯಲ್ಲ? ಅಲ್ಲಿ ದಿನಾ ಸರಕಾರ ಬೀಳುತ್ತದೆ, ಬ್ಯಾಂಕುಗಳಿಗೆ ಬೆಂಕಿ ಬೀಳುತ್ತದೆ. ಒಂದು ದಿನ ನಿಜವಾದ ಶಾಸಕನೇ ಬಾಗಿಲು ತಳ್ಳಿಕೊಂಡು ಬಂದ. ಎಲ್ಲರೂ ಸರಿದು ಜಾಗ ಮಾಡಿಕೊಟ್ಟರು. ಹವಾಮಾನದ ಮಾತಾಡಿದರು. ಅವನ ಕಾಫಿಯ ದುಡ್ಡನ್ನು ತಾವೇ ಕೊಟ್ಟು ಕಳಿಸಿದರು.

ಇನ್ನು ಡಾಕ್ಟರ ವಿಷಯ. ನೈಜೀರಿಯಾದಿಂದ ಬಂದ ಡಾ. ಬಂಡೆಲೆ, ಅವರ ಹೆಂಡತಿ ಫೊಲಾಕೆ, ಚಿಕ್ಕ ಮಗ. ನೀನು ರಜೆಗೆ ಬಂದಾಗ ಒಮ್ಮೆ ನೋಡಿದ್ದೀಯ. ಅವರು ಬಂದ ವಾರ ಕರ್ಲಿಂಗ್ ಆಟದ ಕ್ಲಬ್ಬಿನ ಹಾಲಿನಲ್ಲಿ ದೊಡ್ಡ ಸ್ವಾಗತದೂಟ. ಟರ್ಕಿ ಕೋಳಿ, ಹೂರಣ ತುಂಬಿದ ಪಿರೋಗಿ, ಎಲೆಕೋಸಿನಲ್ಲಿ ಸುತ್ತಿದ ಹೊಲುಪ್ಚಿ, ಮೇಜಿನುದ್ದಕ್ಕೂ ಪೈಗಳು. ಅವರ ಮೂವರಿಗೂ ದಪ್ಪ ಕೋಟು, ಮಗುವಿಗೆ ಐಸ್ ಮೇಲೆ ಜಾರುವ ಸ್ಕೇಟು. ಅಷ್ಟು ಮಾಡಿ ಮುಗಿಸಿ ಊರು ಅವರನ್ನು ಬಿಟ್ಟುಬಿಟ್ಟಿತು. ದ್ವೇಷದಿಂದ ಅಲ್ಲ. ಡಾಕ್ಟರು ದಣಿದಿರುತ್ತಾರೆ, ಅವರ ಮನೆಗೆ ಹೋಗಿ ತೊಂದರೆ ಕೊಡಬಾರದು ಎಂದು. ಹಿಮ ಬಿದ್ದ ದಿನ ಬೆಳಕು ಹರಿಯುವ ಮೊದಲೇ ಯಾರೋ ಬಂದು ಅವರ ಅಂಗಳದ ಹಿಮ ತೋಡಿ ಸದ್ದಿಲ್ಲದೆ ಹೋಗುತ್ತಿದ್ದರು. ಬಾಗಿಲ ಬಳಿ ಬಟ್ಟೆ ಮುಚ್ಚಿದ ಪಾತ್ರೆಯಲ್ಲಿ ಹೊಲುಪ್ಚಿ ಇಟ್ಟು, ಗಂಟೆ ಒತ್ತದೆ, ಕಳ್ಳರ ಹಾಗೆ ಓಡಿಬರುತ್ತಿದ್ದರು. ಹೆಸರು ಬರೆದಿಟ್ಟರೆ ಪಾತ್ರೆ ತೊಳೆದು ವಾಪಸು ಕೊಡುವ ಕೆಲಸ ಅವರಿಗೆ ಅಂಟುತ್ತದೆಂದು ಹೆಸರನ್ನೂ ಬರೆಯುತ್ತಿರಲಿಲ್ಲ.

ಫೊಲಾಕೆ ನನ್ನ ಬಳಿ ಪುಸ್ತಕ ಕೇಳಲು ಬರುತ್ತಿದ್ದಳು, ನನಗೆ ತೊಂದರೆ ಕೊಡಬಾರದೆಂಬ ಪಾಠ ಅವಳಿಗೆ ಯಾರೂ ಕಲಿಸಿರಲಿಲ್ಲವಾದ್ದರಿಂದ. ಆ ಊಟಗಳನ್ನು ಏನು ಮಾಡುತ್ತೀಯಮ್ಮಾ ಎಂದು ಒಮ್ಮೆ ಕೇಳಿದೆ. ಮೊದಮೊದಲು ಕಸಕ್ಕೆ ಹಾಕುತ್ತಿದ್ದೆವು ಎಂದಳು. ಯಾರೆಂದು ತಿಳಿಯದೆ, ಮುಖ ತೋರಿಸದೆ ಬಾಗಿಲಲ್ಲಿ ಅನ್ನ ಇಟ್ಟು ಹೋದರೆ ಅವಳ ಕಡೆ ಭಯಪಡುತ್ತಾರಂತೆ. ಆಮೇಲೆ ಅವಳು ಹೇಳಿದ ಮಾತನ್ನು ನಾನು ಮರೆತಿಲ್ಲ: “ಇಲ್ಲಿ ಜನ ತುಂಬಾ ಒಳ್ಳೆಯವರು ಆಂಟೀ. ಎಷ್ಟು ಒಳ್ಳೆಯವರು ಅಂದ್ರೆ, ನಾವು ಸತ್ತುಹೋದ್ರೂ ತೊಂದರೆ ಆಗಬಾರದು ಅಂತ ಬಾಗಿಲು ತಟ್ಟೋದಿಲ್ಲ.” ನಗುತ್ತಲೇ ಹೇಳಿದಳು. ಹೋದ ವಸಂತದಲ್ಲಿ ಅವರು ಹೊರಟುಹೋದರು. ಬೀಳ್ಕೊಡುಗೆ ಊಟಕ್ಕೆ ಹಾಲು ಸಾಲದಷ್ಟು ಜನ ಬಂದರು. ಕಣ್ಣೊರೆಸಿಕೊಂಡವರಲ್ಲಿ ಅವರ ಮನೆಯ ಬಣ್ಣ ಯಾವುದೆಂದು ಒಳಗಿನಿಂದ ನೋಡಿದವರು ಒಬ್ಬರೂ ಇರಲಿಲ್ಲ.

ಈಗ ಆಸ್ಪತ್ರೆಯ ರಾತ್ರಿ ಬಾಗಿಲು. ಗಾರ್ತ್ ನಿನಗೆ ಅದನ್ನು ಮೇಲಿನವರು ಮುಚ್ಚಿಸಿದರು ಎಂದು ಹೇಳಿರುತ್ತಾನೆ. ಮುಚ್ಚಿಸಿದ್ದು ಅವರೇ. ಆದರೆ ಬೀಗವನ್ನು ಕೈಗೆ ಕೊಟ್ಟಿದ್ದು ನಾವು. ಬಂಡೆಲೆ ಬಂದ ಮೇಲೆ ರಾತ್ರಿ ತುರ್ತು ವಿಭಾಗಕ್ಕೆ ಬರುವವರೇ ಇಲ್ಲವಾದರು. ಹೊಟ್ಟೆ ಹಿಡಿದುಕೊಂಡು, ಜ್ವರದ ಮಗುವಿಗೆ ಒದ್ದೆ ಬಟ್ಟೆ ಹಾಕಿಕೊಂಡು, ಬೆಳಗಾಗಲಿ ಎಂದು ಮನೆಗಳಲ್ಲಿ ಕಾದು ಕೂರುತ್ತಿದ್ದರು. ಒಬ್ಬರೇ ಡಾಕ್ಟರು, ಹಗಲೆಲ್ಲ ದುಡಿದಿರುತ್ತಾರೆ, ಎಬ್ಬಿಸಬಾರದಲ್ಲ. ಆರೋಗ್ಯ ಇಲಾಖೆಯಿಂದ ಒಬ್ಬ ತೆಳ್ಳನೆಯ ಅಧಿಕಾರಿ ಬಂದು, ಗೋಡೆಯ ಮೇಲೆ ಗೆರೆಗಳ ನಕ್ಷೆ ಬೀಳಿಸಿ, ನೋಡಿ, ರಾತ್ರಿ ನಿಮಗೆ ಕಾಯಿಲೆಯೇ ಬರುವುದಿಲ್ಲ ಎಂದು ತೋರಿಸಿದ. ಸಾರ್ವಜನಿಕರ ಅಭಿಪ್ರಾಯ ಕೇಳಲು ಕರೆದ ಸಭೆ ಅದು. ಹಾಲು ತುಂಬಿತ್ತು. ಕಾಫಿ ಸಾಲು ಇಡಿಯಾಗಿ ಬಂದು ಹಿಂದಿನ ಗೋಡೆಗೆ ಒರಗಿ, ಟೋಪಿ ಕೈಯಲ್ಲಿ ಹಿಡಿದು, ಬೂಟು ನೋಡುತ್ತಿತ್ತು.

ಎದ್ದು ಮಾತಾಡಿದವಳು ನಾನೊಬ್ಬಳೇ. ಅವರು ಕಾಯುತ್ತಿದ್ದರು ಸ್ವಾಮಿ, ಕಾಯುವುದನ್ನು ನಿಮ್ಮ ಗೆರೆಗಳು ತೋರಿಸುವುದಿಲ್ಲ ಎಂದೆ. ಅವನು ತುಂಬ ಮರ್ಯಾದೆಯಿಂದ, ಬೇರೆ ಯಾರಾದರೂ ಹೀಗೆ ಕಾದಿದ್ದೀರಾ ಎಂದು ಕೇಳಿದ. ನನ್ನ ಪಕ್ಕದ ಮನೆಯ ಮಿರ್ಟಲ್ ಪಿತ್ತಕೋಶದ ನೋವಿನಲ್ಲಿ ರಾತ್ರಿಯಿಡೀ ಸ್ನಾನದ ಮನೆಯ ನೆಲದ ಮೇಲೆ ಮಲಗಿದ್ದವಳು, ಮೂರನೆಯ ಸಾಲಿನಲ್ಲಿ ಕೂತು ಕೈಚೀಲದ ಕೊಂಡಿ ತೆಗೆದು ಹಾಕಿ ಮಾಡುತ್ತಿದ್ದಳು. ಯಾರ ಆಕ್ಷೇಪವೂ ಇಲ್ಲವೆಂದು ಅವನು ಬರೆದುಕೊಂಡ. ಆಮೇಲೆ ಹೆಂಗಸರು ಸಿಹಿ ಬಿಲ್ಲೆಗಳ ತಟ್ಟೆ ತಂದರು, ದಾರಿ ದೂರ ಎಂದು ಅವನಿಗೆ ಒಂದಷ್ಟು ಕಟ್ಟಿಯೂ ಕೊಟ್ಟರು. ಕೋಟು ಹಾಕಿಕೊಳ್ಳುವ ಕಡೆ ನಾನು ಮಿರ್ಟಲಳ ತೋಳು ಹಿಡಿದು ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ. “ಅಯ್ಯೋ ಬಿಡೇ ಓರಿಸ್ಯಾ” ಅಂದಳು. “ಡಾಕ್ಟರು ಅಲ್ಲೇ ಕೂತಿದ್ರಲ್ಲ. ನಿಮ್ಮನ್ನ ಎಬ್ಬಿಸಬಾರದು ಅಂತ ನೆಲದ ಮೇಲೆ ಬಿದ್ದಿದ್ದೆ ಅಂದ್ರೆ ಅವರಿಗೆ ಬೇಜಾರಾಗಲ್ವಾ?”

ಆ ಚಳಿಗಾಲಕ್ಕೆ ಫಲಕ ಬಂತು. ಅದರ ಮುಂದಿನ ಶರತ್ಕಾಲದಲ್ಲಿ ಒರೆಸ್ಟ್ ಹೋದ. ಮಿಕ್ಕಿದ್ದು ನಿನಗೆ ಗೊತ್ತು, ಈ ಊರು ಎಲ್ಲರಿಗೂ ಹೇಳಿಕೊಂಡಿರುವ ಕತೆಯೂ ಅದೇ: ರಾತ್ರಿ ಬಾಗಿಲು ಹಾಕಿತ್ತು, ಆಂಬುಲೆನ್ಸು ಹೆದ್ದಾರಿ ಹಿಡಿಯಿತು, ಅರ್ಧ ದಾರಿಯಲ್ಲಿ ಮುಗಿಯಿತು. ಅವನ ಹೆಸರಿನಲ್ಲಿ ಐಸ್ ಅಂಗಳದಲ್ಲಿ ಒಂದು ಬೆಂಚು ಹಾಕಿಸಿದ್ದಾರೆ. ಸಿಟ್ಟಾಗಬೇಕಾದ ಕಡೆ ನಾವು ಬೆಂಚು ಹಾಕಿಸುತ್ತೇವೆ.

ಇದು ನನ್ನ ಊರಿನ ಪರಿಚಯ. ಗಾರ್ತ್‌ಗೆ ಬೇಕಾದ ಒಳ್ಳೆಯ ಕಾಗದ ಇದಲ್ಲವೆಂದು ಗೊತ್ತು. ನೀನು ಬಂದರೆ ನಿನಗೂ ಹಾಲಿನಲ್ಲಿ ಊಟ ಹಾಕುತ್ತಾರೆ. ಒರೆಸ್ಟನ ಮಗಳು ಎಂದು ಅಳುತ್ತಾರೆ. ಆಮೇಲೆ ನಿನ್ನನ್ನು ಒಬ್ಬಳೇ ಬಿಟ್ಟು, ದೂರದಿಂದ ಪ್ರೀತಿಸುತ್ತಾ, ನಿನ್ನ ನಿದ್ದೆ ಕೆಡಬಾರದೆಂದು ತಮ್ಮ ತಮ್ಮ ಮನೆಗಳಲ್ಲಿ ಒಬ್ಬೊಬ್ಬರಾಗಿ ಸಾಯುತ್ತಾರೆ. ಇದನ್ನು ಎದುರಿಸುವ ಔಷಧಿ ನಿನ್ನ ಪುಸ್ತಕಗಳಲ್ಲಿದ್ದರೆ ನನಗೂ ತಿಳಿಸು. ನನಗೆ ನೀನು ಬೇಡವೆಂದಲ್ಲ ಮಗೂ. ಸಂಜೆ ಅಡುಗೆಮನೆಯಲ್ಲಿ ನನ್ನ ಎದುರು ಕೂತು ಬೈಸಿಕೊಳ್ಳುವುದಕ್ಕೆ ಒಬ್ಬರು ಇದ್ದರೆ ಎಂದು ದಿನಾ ಅನ್ನಿಸುತ್ತದೆ. ಆದರೆ ನನ್ನ ಒಂಟಿತನವನ್ನೂ ಗಾರ್ತ್‌ನ ಪುಸ್ತಿಕೆಗೆ ಸೇರಿಸಿಕೊಡಲು ನಾನು ಸಿದ್ಧಳಿಲ್ಲ.

ಲೆಸ್ಯಾಗೆ ಹೇಳು, ಈ ಸಲದ ಸುಗ್ಗಿ ಊಟದಲ್ಲಿ ಪಿರೋಗಿಯ ಅಂಚು ಬಿಟ್ಟುಕೊಂಡು ಹೂರಣವೆಲ್ಲ ನೀರಿಗೆ ಬಿತ್ತು; ಅವಳ ಕೈ ಇಲ್ಲದ ಕೊರತೆಯನ್ನು ಎಲ್ಲರೂ ಕಂಡರು, ಯಾರೂ ಹೇಳಲಿಲ್ಲ. ಕಣ್ಣಿಗೆ ಹನಿ ಹಾಕಿಕೊಳ್ಳುವುದನ್ನು ತಪ್ಪಿಸದಿರಲಿ. ನಿನಗೆ ದೇವರು ಒಳ್ಳೆಯ ನಿದ್ದೆಯನ್ನೂ ನೆಟ್ಟಗಿನ ನಾಲಿಗೆಯನ್ನೂ ಕೊಡಲಿ.

ಇಬ್ಬರಿಗೂ ನನ್ನ ಮುತ್ತುಗಳೊಂದಿಗೆ,
ನಿನ್ನ ಓರಿಸ್ಯಾ ಅತ್ತೆ

ಮರೆತದ್ದು: ಈ ಹಾಳೆಯನ್ನು ಬೇರೆಯಾಗಿ ಮಡಚಿ ಇಟ್ಟಿದ್ದೇನೆ. ಅಮ್ಮನಿಗೆ ಇದನ್ನು ಓದಬೇಡ. ಹೇಳಬೇಕೋ ಬೇಡವೋ ಎಂಬುದನ್ನು ನೀನೇ ಆಮೇಲೆ ಯೋಚಿಸು. ಟಪಾಲು ಗಾಡಿ ಬರುವ ಹೊತ್ತಾಯಿತು, ಬೇಗ ಬೇಗ ಬರೆಯುತ್ತಿದ್ದೇನೆ.

ಕಳೆದ ಭಾನುವಾರ ಸುಗ್ಗಿ ಊಟದ ಪಾತ್ರೆ ತೊಳೆಯುವಾಗ ಮಿರ್ಟಲಳ ಗಂಡ ವರ್ನ್ ನನ್ನ ಪಕ್ಕ ನಿಂತು ತಟ್ಟೆ ಒರೆಸುತ್ತಿದ್ದ. ನೀನು ಬರುವ ಸುದ್ದಿ ಅವನ ಕಿವಿಗೂ ಬಿದ್ದಿತ್ತು. ಒಂದೇ ತಟ್ಟೆಯನ್ನು ಬಹಳ ಹೊತ್ತು ಒರೆಸಿದ. ಆಮೇಲೆ, ಒರೆಸ್ಟ್ ಅವತ್ತು ಸಂಜೆ ಆಸ್ಪತ್ರೆಗೆ ಹೋಗಿದ್ದ ಎಂದ. ಹೊಲದಲ್ಲಿ ಮಧ್ಯಾಹ್ನದಿಂದಲೇ ಎದೆ ಹಿಂಡುತ್ತಿತ್ತಂತೆ. ಯಂತ್ರ ನಿಲ್ಲಿಸಿ, ಟ್ರಕ್ಕು ತೆಗೆದುಕೊಂಡು ಊರಿಗೆ ಬಂದಿದ್ದಾನೆ. ಬಾಗಿಲು ಹಾಕಲು ಇನ್ನೂ ಹೊತ್ತಿತ್ತು. ದೀಪ ಉರಿಯುತ್ತಿತ್ತು, ಒಳಗೆ ನರ್ಸು ಇದ್ದಳು. ಬಂಡೆಲೆ ಆಗತಾನೇ ಮಗನ ಕೈ ಹಿಡಿದುಕೊಂಡು ಹೊರಗೆ ಬರುತ್ತಿದ್ದರು. ಒಂದು ಸಲ ಕೂಗಿದ್ದರೆ ಸಾಕಿತ್ತು. ನಿನ್ನ ಅಪ್ಪ ಸ್ಟೀರಿಂಗಿನಿಂದ ಒಂದು ಬೆರಳು ಎತ್ತಿ ನಮಸ್ಕಾರ ಮಾಡಿದ, ನಮ್ಮವರೆಲ್ಲ ಮಾಡುವ ಹಾಗೆ. ಡಾಕ್ಟರು ಕೈ ಎತ್ತಿದರು. ಇವನು ಅಲ್ಲೇ ಟ್ರಕ್ಕು ತಿರುಗಿಸಿಕೊಂಡು ಬಂದುಬಿಟ್ಟ.

ಬಂದು ಹೋಟೆಲಿನಲ್ಲಿ ವರ್ನ್ ಎದುರು ಕೂತು, ಎಡಗೈ ನೀವಿಕೊಳ್ಳುತ್ತಾ ಹೇಳಿದನಂತೆ: “ಡಾಕ್ಟ್ರು ಮಗೂನ ಐಸ್ ಮೇಲೆ ಆಡಿಸೋಕೆ ಹೊರಟಿದ್ರು ಕಣೋ. ಅದು ಸ್ಕೇಟು ಹೆಗಲಿಗೆ ಹಾಕ್ಕೊಂಡು ಕುಣೀತಾ ಇತ್ತು. ಹ್ಯಾಗೆ ಕರೀಲಿ? ನಾಳೆ ಬೆಳಿಗ್ಗೆ ತೋರಿಸಿದ್ರಾಯ್ತು.” ವರ್ನ್, ಅದೂ ಸರಿಯೇ ಎಂದಿದ್ದಾನೆ. ಈ ಎರಡು ವರ್ಷ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ. ನಿಮಗೆಲ್ಲ ನೋವಾಗುತ್ತೆ ಅಂತ, ಅಂದ. ತಟ್ಟೆಯನ್ನು ಅವನ ಕೈಯಿಂದ ಕಿತ್ತುಕೊಂಡೆ, ಅಷ್ಟೇ.

ಬಾಗಿಲು ತೆರೆದಿತ್ತು ದಾರ್ಕಾ. ಮುಚ್ಚಿದ ಬಾಗಿಲನ್ನು ತೆರೆಸುತ್ತೇನೆ ಎಂದು ನೀನು ಇಲ್ಲಿಗೆ ಬರುವುದಾದರೆ ಬರಬೇಡ. ತೆರೆದ ಬಾಗಿಲಿನಿಂದ ತಿರುಗಿ ಹೋಗುವವರ ಟ್ರಕ್ಕಿಗೆ ಅಡ್ಡ ನಿಂತು, ಇಳಿಯೋ ಕೆಳಗೆ ಎಂದು ಬೈದು ಒಳಗೆ ಎಳೆದುಕೊಂಡು ಹೋಗುತ್ತೇನೆ ಅನ್ನುವುದಾದರೆ ಬಾ. ನಿನ್ನ ಜೊತೆ ಬೈಯಲು ನಾನಿದ್ದೇನೆ. ಉತ್ತರ ಗಾರ್ತ್‌ಗೆ ಬೇಡ, ನನಗೆ ಬರೆ. ಬರುವುದಿಲ್ಲ ಎಂದಾದರೆ ಬರುವುದಿಲ್ಲ ಎಂದೇ ಬರೆ. ಅತ್ತೆ ನೊಂದುಕೊಳ್ಳುತ್ತಾಳೆಂದು, ಯೋಚನೆ ಮಾಡುತ್ತೇನೆ ಎಂದು ಮಾತ್ರ ಬರೆಯಬೇಡ.